ಮುಚ್ಚಿದ ಬಾಗಿಲಿನ ಹೊರಗೆ ಹಲೋ ಅಕ್ಕ

ಬೆಳಗಿನ ಐದೂ ನಲವತ್ತು. ಡಿಪೋದಿಂದ ಹೊರಟ ಮೊದಲ ಬಸ್ಸು ಎರಡನೇ ಸ್ಟಾಪಿಗೆ ಬಂದು ನಿಲ್ಲುತ್ತದೆ. ಒಳಗೆ ದೀಪ ಉರಿಯುತ್ತಿದೆ, ಸೀಟುಗಳೆಲ್ಲ ಖಾಲಿ. ಸ್ಟಾಪಿನಲ್ಲಿ ನಿಂತಿರುವ ನಡುವಯಸ್ಸಿನ ದರ್ಜಿಯೊಬ್ಬರು ಬಸ್ಸಿನ ಮೆಟ್ಟಿಲನ್ನು ಬಾವಿಗೆ ಬಗ್ಗಿ ನೋಡುವವರ ಹಾಗೆ ನೋಡುತ್ತಾರೆ. ಅವರ ಪಕ್ಕದಲ್ಲಿ ಹೆಗಲಿಗೆ ಬಟ್ಟೆಯ ಚೀಲ, ಕಾಲಿಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡ ಐವತ್ತಮೂರರ ಹೆಂಗಸು. ಅವರು ದರ್ಜಿಯ ಕೈ ಹಿಡಿಯುವುದಿಲ್ಲ, ಬೆನ್ನು ತಟ್ಟುವುದಿಲ್ಲ, ‘ಏನೂ ಆಗಲ್ಲ ಬನ್ನಿ’ ಎನ್ನುವುದೂ ಇಲ್ಲ. ಸುಮ್ಮನೆ ಮೊದಲು ಹತ್ತಿ, ಕಿಟಕಿ ಪಕ್ಕದ ಜಾಗ ಬಿಟ್ಟು ಕೂರುತ್ತಾರೆ.

“ಹಲೋ ಅಕ್ಕ, ಇವತ್ತು ಎಲ್ಲಿಗೆ?” ಎನ್ನುತ್ತಾನೆ ಕಂಡಕ್ಟರ್.

“ಎಲ್ಲಿಗೂ ಇಲ್ಲಪ್ಪ. ಮೂರು ಸ್ಟಾಪ್ ಕೊಡು.”

“ನಿನ್ನೆ ಎರಡಿತ್ತು.”

“ಇವರಿಗೆ ಬಡ್ತಿ ಸಿಕ್ಕಿದೆ.”

ದರ್ಜಿ ಹತ್ತುತ್ತಾರೆ. ನಾಲ್ಕು ವರ್ಷ ಬಸ್ಸು ಹತ್ತದ ಮನುಷ್ಯ ಅವರು. ಕಣ್ಣು ಮುಚ್ಚಿ ಮುಂದಿನ ಸೀಟಿನ ಕಂಬಿಯನ್ನು ಹಿಡಿದಿದ್ದಾರೆ. ಮೂರು ಸ್ಟಾಪು ಮುಗಿದು ಕೆಳಗಿಳಿದ ಮೇಲೆ, ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದಿರುವ ನಾನು ಕಾರಣ ಕೇಳುತ್ತೇನೆ. “ಬಸ್ಸಲ್ಲಿ ಕೂತಿರೋರೆಲ್ಲ ನನ್ನ ಹೆಣ ನೋಡೋಕೆ ಹೊರಟೋರು ಅನ್ಸುತ್ತೆ ಮೇಡಂ. ಹಾಗಲ್ಲ ಅಂತ ಗೊತ್ತು. ಆದ್ರೂ ಅನ್ಸುತ್ತೆ.” ಅಂಗಿಯ ಅಳತೆ ಹೇಳುವ ದನಿಯಲ್ಲಿ ಅವರು ಇದನ್ನು ಹೇಳುತ್ತಾರೆ. ಹಲೋ ಅಕ್ಕನ ಮುಖ ಇದ್ದ ಹಾಗೇ ಇದೆ. “ಅದಕ್ಕೇ ಮೊದಲ ಬಸ್ಸು. ಯಾರೂ ಇರಲ್ಲವಲ್ಲ, ಅನ್ನಿಸೋಕೆ ಜನ ಸಾಲಲ್ಲ,” ಎಂದು ಚೀಲದಿಂದ ಡೈರಿ ತೆಗೆದು ಏನೋ ಗುರುತು ಹಾಕಿಕೊಳ್ಳುತ್ತಾರೆ.

ಕಾಗದದಲ್ಲಿ ಅವರ ಹುದ್ದೆ ‘ಅನುಭವಿ ಬೆಂಬಲ ಕಾರ್ಯಕರ್ತೆ’. ಮನಸ್ಸಿನ ಕಾಯಿಲೆ ಅನುಭವಿಸಿ ಚೇತರಿಸಿಕೊಂಡವರು, ಈಗ ಅಂಥದೇ ಕಾಯಿಲೆಯಲ್ಲಿರುವವರ ಜೊತೆಗೆ ನಿಲ್ಲುವ ಕೆಲಸ. ಔಷಧಿ ಬರೆಯುವುದು ಡಾಕ್ಟರು, ಕೊಡುವುದು ನರ್ಸು. ಇವರು ಜೊತೆಗಿರುತ್ತಾರೆ, ಅಷ್ಟೆ. ಬಡಾವಣೆಯ ಆರೋಗ್ಯ ಕೇಂದ್ರದ ಹಿಂಬದಿಯಲ್ಲಿ, ಹಿಂದೆ ಲಸಿಕೆ ಪೆಟ್ಟಿಗೆಗಳನ್ನಿಡುತ್ತಿದ್ದ ಕೋಣೆ ಇವರ ಕಚೇರಿ. ಒಂದು ಮೇಜು, ಕಾಲು ಅಲ್ಲಾಡುವ ಒಂಬತ್ತು ಪ್ಲಾಸ್ಟಿಕ್ ಕುರ್ಚಿ, ಚಹಾ ಕಾಯಿಸಲು ಒಂದು ವಿದ್ಯುತ್ ಒಲೆ, ತೊಳೆದು ಬೋರಲು ಹಾಕಿದ ಸ್ಟೀಲ್ ಲೋಟಗಳು. ಗೋಡೆಯಲ್ಲಿ ಹಸಿ ಏರಿದ ಕಡೆ ಹಳೆಯ ಕ್ಯಾಲೆಂಡರ್ ನೇತುಹಾಕಿ ಮರೆ ಮಾಡಿದ್ದಾರೆ. ಡೈರಿಯಲ್ಲಿ ಈಗ ಹದಿನೆಂಟು ಜನರಿದ್ದಾರೆ. ದಿನಕ್ಕೆ ಐದಾರು ಮನೆ, ಹತ್ತು ಹನ್ನೊಂದು ಕಿಲೋಮೀಟರ್ ನಡಿಗೆ, ಗುರುವಾರ ಮಧ್ಯಾಹ್ನ ಎಲ್ಲರೂ ಸೇರಿ ಕೂರುವ ಎರಡು ಗಂಟೆಯ ಮಾತುಕತೆ. ಬೂಟು ವರ್ಷಕ್ಕೆ ಎರಡು ಜೊತೆ ಸವೆಯುತ್ತವೆ.

“ಡಾಕ್ಟರಿಗೆ ಕಾಯಿಲೆ ಬಗ್ಗೆ ನನಗಿಂತ ಸಾವಿರ ಪಾಲು ಜಾಸ್ತಿ ಗೊತ್ತು,” ಎನ್ನುತ್ತಾರೆ. “ಆದ್ರೆ ಮಾತ್ರೆ ನುಂಗಿದ ಮೊದಲ ವಾರ ನಾಲಿಗೆ ಹೇಗೆ ದಪ್ಪ ಆಗುತ್ತೆ, ಸ್ವಂತ ಹೆಸರು ಹೇಳೋಕೂ ಹೇಗೆ ನಾಚಿಕೆ ಆಗುತ್ತೆ ಅಂತ ನಂಗೆ ಗೊತ್ತು. ಅದಕ್ಕೇ ಸಂಬಳ.”

ಹಲೋ ಅಕ್ಕ ಎಂಬ ಹೆಸರು ಬಂದದ್ದು ಹಳೆಯ ಕೆಲಸದಿಂದ. ಹತ್ತೊಂಬತ್ತನೇ ವಯಸ್ಸಿಗೆ ಅವರು ಒಂದು ದೊಡ್ಡ ಬಟ್ಟೆ ಗಿರಣಿಯ ಟೆಲಿಫೋನ್ ಬೋರ್ಡಿಗೆ ಸೇರಿದರು. ಕಿವಿಗೆ ಹೆಡ್‌ಫೋನ್, ಎದುರಿಗೆ ನೂರಿಪ್ಪತ್ತು ತೂತುಗಳ ಹಲಗೆ, ಕೈಯಲ್ಲಿ ತಂತಿ. ಕರೆ ಮಾಡಿದವರು ಯಾರನ್ನು ಕೇಳುತ್ತಾರೋ ಅವರಿಗೆ ಜೋಡಿಸುವುದು. ಎಂಟು ವರ್ಷ ಒಂದೇ ಒಂದು ತಪ್ಪು ಜೋಡಣೆ ಮಾಡಿರಲಿಲ್ಲವಂತೆ. ಇಂದಿಗೂ ಯಾರು ಕರೆದರೂ ‘ಏನು’ ಎನ್ನದೆ ‘ಹಲೋ’ ಎನ್ನುತ್ತಾರೆ.

“ಇಪ್ಪತ್ತೇಳಕ್ಕೆ ಶುರುವಾಯ್ತು. ನನ್ನ ಕೆಲಸವೇ ದನಿ ಕೇಳೋದು ನೋಡಿ. ತಂತಿ ಒಳಗಿನ ದನಿ ಯಾವ್ದು, ತಲೆ ಒಳಗಿನ ದನಿ ಯಾವ್ದು ಅಂತ ನಂಗೇ ಗೊತ್ತಾಗ್ಲಿಲ್ಲ. ಹೆಡ್‌ಫೋನ್ ತೆಗೆದಿಟ್ಟ ಮೇಲೂ ಇಬ್ಬರು ಗಂಡಸರು ನನ್ನ ಬಗ್ಗೆ ಮಾತಾಡ್ತಾನೇ ಇದ್ರು. ನಾನು ಪಾಪದವಳು, ಲೈನ್ ಸರಿ ಇಲ್ಲ ಅಂತ ಆಫೀಸಿಗೆ ದೂರು ಬರೆದುಕೊಟ್ಟೆ.” ಇದನ್ನು ಹೇಳಿ ಅವರು ನಗುತ್ತಾರೆ. ನಾನೂ ನಗುತ್ತೇನೆ. ಆಮೇಲೆ ಅವರು ಹೇಳಿದ್ದಕ್ಕೆ ನಗು ಬರುವುದಿಲ್ಲ.

ಇಪ್ಪತ್ತೆಂಟಕ್ಕೆ ಆಸ್ಪತ್ರೆ. ತಂದೆ ಮೊದಲೇ ಇರಲಿಲ್ಲ. ತಾಯಿ ಮತ್ತು ಏಳು ವರ್ಷ ಕಿರಿಯ ತಮ್ಮ ಬಂದು ಸೇರಿಸಿ ಹೋದರು. ಮೂರನೇ ವರ್ಷ ತಮ್ಮನಿಂದ ಒಂದು ಕಾರ್ಡು ಬಂತು: ‘ಅಮ್ಮ ಹೋದರು. ನೀನು ಬರುವುದು ಬೇಡ.’ ಅಷ್ಟು ಹೊತ್ತಿಗೆ ಔಷಧಿ ಹಿಡಿದು ಅಕ್ಕ ಸುಧಾರಿಸಿದ್ದರು. ಮನೆಗೆ ಹೋಗಬಹುದೆಂದು ಡಾಕ್ಟರು ಬರೆದರು. ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಆ ಕಾಲದ ಅವರ ಫೈಲನ್ನು, ಅವರದೇ ಒಪ್ಪಿಗೆಯಿಂದ, ನಾನು ನೋಡಿದೆ. ‘ಸ್ಥಿತಿ ಉತ್ತಮ. ಮನೆಗೆ ಕಳಿಸಬಹುದು.’ ತಿಂಗಳಿಗೊಮ್ಮೆ ಅದೇ ಸಾಲು. ಬರೆದ ಕೈಗಳು ಬದಲಾಗಿವೆ, ಶಾಯಿಯ ಬಣ್ಣ ಬದಲಾಗಿದೆ, ಸಾಲು ಬದಲಾಗಿಲ್ಲ. ಬೆರಳಿಟ್ಟು ಎಣಿಸಿದೆ. ಎಪ್ಪತ್ತೆರಡು ಸಲ ಇದೆ. ಆರು ವರ್ಷ.

ಆಸ್ಪತ್ರೆ ಮನೆಗೆ ಬರೆದ ಪತ್ರಗಳು ‘ಈ ವಿಳಾಸದಲ್ಲಿ ಇಲ್ಲ’ ಎಂದು ಹಿಂದಿರುಗುತ್ತಿದ್ದವು. ಒಂದು ಲಕೋಟೆಯನ್ನು ವಾರ್ಡಿನ ಸಿಸ್ಟರ್ ಅಕ್ಕನ ಕೈಗೇ ಕೊಟ್ಟಿದ್ದರು. “ಅಂಚೆಯವರು ಬರೆದ ಅಕ್ಷರ ಅಲ್ಲ ಅದು. ತಮ್ಮನ ಅಕ್ಷರ. ಅವನಿಗೆ ಅಕ್ಷರ ತಿದ್ದಿಸಿದ್ದೇ ನಾನು. ‘ಳ’ ಬರೆಯುವಾಗ ಕೊನೆಗೊಂದು ಬಾಲ ಎಳೀತಾನೆ. ಎಷ್ಟು ಹೊಡೆದ್ರೂ ಬಿಟ್ಟಿರಲಿಲ್ಲ.”

ನಾವು ಆಗ ರಸ್ತೆ ದಾಟುತ್ತಿದ್ದೆವು. ನಾನು ನಡುರಸ್ತೆಯಲ್ಲೇ ನಿಂತುಬಿಟ್ಟೆ. ಅಕ್ಕ ನನ್ನ ತೋಳು ಹಿಡಿದು ಆಚೆಗೆ ಎಳೆದುಕೊಂಡು ಹೋದರು. “ಗಾಡಿ ಬರುತ್ತೆ ನೋಡಿ,” ಎಂದರು.

ಮೂವತ್ತೇಳಕ್ಕೆ ಹೊರಗೆ ಬಂದರು. ಕರೆದೊಯ್ಯಲು ಬಂದದ್ದು ಒಂದು ಸಂಸ್ಥೆಯವರು. ಆ ಸಂಸ್ಥೆಯ ಆಶ್ರಯಮನೆಯಲ್ಲಿ ಮೂರು ವರ್ಷ, ಆಮೇಲೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಎರಡು ವರ್ಷ. ನಂತರ ಆರು ತಿಂಗಳ ತರಬೇತಿ, ಈ ಕೆಲಸ. ಇದು ಹನ್ನೊಂದನೇ ವರ್ಷ. ತರಬೇತಿಯಲ್ಲಿ ಕಲಿಸಿದ್ದರಲ್ಲಿ ಅಕ್ಕ ಮರೆಯದ ಪಾಠ ಒಂದೇ: ನಿಮ್ಮ ಕಥೆ ಹೇಳಿ, ಆದರೆ ಎದುರಿನವರಿಗೆ ಅದರಿಂದ ಉಪಯೋಗ ಆಗುವುದಾದರೆ ಮಾತ್ರ. ನಿಮ್ಮ ಭಾರ ಇಳಿಸಿಕೊಳ್ಳಲು ಹೇಳಬೇಡಿ.

ಮೂರನೇ ದಿನ, ಗುರುವಾರದ ಮಾತುಕತೆ ಮುಗಿದು ಅವರು ಲೋಟ ತೊಳೆಯುತ್ತಿದ್ದಾಗ ನಾನು ಎಲ್ಲ ಪತ್ರಕರ್ತರೂ ಕೇಳುವ ಪ್ರಶ್ನೆ ಕೇಳಿದೆ. ಇಷ್ಟು ವರ್ಷದಲ್ಲಿ ತುಂಬ ಕಷ್ಟದ ಭೇಟಿ ಯಾವುದು?

“ಹೋದ ವರ್ಷದ್ದು,” ಎಂದರು ನಲ್ಲಿ ನಿಲ್ಲಿಸದೆ. “ಆ ಮನೇಲಿ ನಾನು ಸತ್ತಿದ್ದೆ.”

ಮಾತಿಗೆ ಹಾಗೆ ಹೇಳುತ್ತಿದ್ದಾರೆ ಎಂದುಕೊಂಡೆ. ಅಲ್ಲ. ಅವರು ಲೋಟಗಳನ್ನು ಬೋರಲು ಹಾಕಿ, ಕೈ ಒರೆಸಿಕೊಂಡು ಕುರ್ಚಿ ಎಳೆದುಕೊಂಡರು.

ಕೇಂದ್ರಕ್ಕೆ ಒಂದು ಚೀಟಿ ಬಂದಿತ್ತು. ‘ಹುಡುಗಿ, ಹತ್ತೊಂಬತ್ತು ವರ್ಷ, ಕಟ್ಟಡದ ನಕ್ಷೆ ಬರೆಯುವ ಕೋರ್ಸು. ದನಿಗಳು ಕೇಳುತ್ತಿವೆ. ಒಮ್ಮೆ ಡಾಕ್ಟರ ಬಳಿ ಬಂದಿದ್ದಾಳೆ, ಮಾತ್ರೆ ನುಂಗುತ್ತಿಲ್ಲ. ನಲವತ್ತು ದಿನದಿಂದ ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ.’ ಕೆಳಗೆ ತಾಯಿಯ ಹೆಸರು, ಹೊಸ ಬಡಾವಣೆಯೊಂದರ ವಿಳಾಸ. ಅಕ್ಕನಿಗೆ ಎರಡೂ ಗೊತ್ತಿರಲಿಲ್ಲ.

ಬಾಗಿಲು ತೆರೆದದ್ದು ತಾಯಿ. ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಒರೆಸುವ ಬಟ್ಟೆ. ಕೂರಿ ಎಂದು ನೀರು ತರಲು ಒಳಗೆ ಹೋದರು. ಅಕ್ಕ ಯಾವುದೇ ಮನೆಗೆ ಹೋದರೂ ಮಾಡುವಂತೆ ಸುತ್ತ ಕಣ್ಣಾಡಿಸಿದರು. ಟಿ.ವಿ.ಯ ಪಕ್ಕದ ಗೋಡೆಯಲ್ಲಿ ಕಪ್ಪುಬಿಳುಪಿನ ಒಂದು ಫೋಟೊ. ಕುರ್ಚಿಯಲ್ಲಿ ಕೂತ ತಾಯಿ, ಪಕ್ಕಕ್ಕೆ ನಿಂತ ಹದಿನೈದರ ಹುಡುಗ, ಇನ್ನೊಂದು ಪಕ್ಕಕ್ಕೆ ಎಡಹುಬ್ಬಿನ ಮೇಲೆ ಗಾಯದ ಗುರುತಿರುವ ಇಪ್ಪತ್ತೆರಡರ ಯುವತಿ.

“ನಾನು ಅದನ್ನ ನೋಡ್ತಿದ್ದೆ. ಅಷ್ಟರಲ್ಲಿ ಆಕೆ ನೀರು ತಂದ್ರು. ನಾನು ನೋಡೋದು ನೋಡಿ ಅವರೇ ಹೇಳಿದ್ರು. ‘ಅದು ಇವರ ಅಕ್ಕ. ನಮ್ಮ ಮದುವೆಗೆ ಮೊದಲೇ ತೀರಿಕೊಂಡ್ರಂತೆ. ಜ್ವರ ಬಂದು. ನಾನು ನೋಡಿಲ್ಲ, ಪಾಪ,’ ಅಂತ.”

ನೀವೇನು ಮಾಡಿದಿರಿ ಎಂದು ಕೇಳಿದೆ.

“ನೀರು ಕುಡಿದೆ. ಮಗಳ ಕೋಣೆ ಯಾವ್ದು ತೋರ್ಸಿ ಅಂದೆ.”

“ಅಷ್ಟೇನಾ?”

“ಮತ್ತಿನ್ನೇನು? ಚೀಟೀಲಿ ಇದ್ದದ್ದು ಆ ಹುಡುಗಿ. ನಾನಲ್ಲ.”

ಮುಚ್ಚಿದ ಬಾಗಿಲಿನ ಹೊರಗೆ ನೆಲದ ಮೇಲೆ ಗೋಡೆಗೊರಗಿ ಒಂದು ಗಂಟೆ ಕೂತರು. ‘ನಾನು ಕೇಂದ್ರದಿಂದ ಬಂದಿದ್ದೀನಿ. ನಂಗೂ ದನಿ ಕೇಳ್ಸುತ್ತೆ. ಬಾಗಿಲು ತೆಗೀಬೇಕು ಅಂತೇನಿಲ್ಲ,’ ಎಂದಷ್ಟೇ ಹೇಳಿದರು. ಒಳಗಿನಿಂದ ಸದ್ದಿಲ್ಲ. ಸಮಯ ಮುಗಿದ ಮೇಲೆ ಎದ್ದು ಹೊರಟರು. ಬಸ್ ಸ್ಟಾಪು ಬಂತು, ನಿಲ್ಲಲಿಲ್ಲ. ಇನ್ನೂ ನಾಲ್ಕು ಸ್ಟಾಪು ದಾಟಿ ಎಲ್ಲೋ ಒಂದು ಪೆಟ್ರೋಲ್ ಬಂಕಿನ ಮುಂದೆ ನಿಂತಾಗ, ಬೂಟಿನ ದಾರ ಬಿಚ್ಚಿ ಎಷ್ಟೋ ಹೊತ್ತಾಗಿದೆ ಎಂದು ಗೊತ್ತಾಯಿತು. ಅಲ್ಲಿಂದ ನೇರ ಕೇಂದ್ರಕ್ಕೆ ಬಂದು ಡಾಕ್ಟರಿಗೆ ಎಲ್ಲ ಹೇಳಿದರು.

ಡಾಕ್ಟರು ಅಕ್ಕನಿಗಿಂತ ಹದಿನೈದು ವರ್ಷ ಚಿಕ್ಕವರು. ಅವರು ನನಗೆ ಹೇಳಿದ್ದು: “ಸಂಬಂಧಿಕರ ಕೇಸು ತಗೊಳ್ಳೋ ಹಾಗಿಲ್ಲ, ಅದು ನಿಯಮ. ಬೇರೆಯವರನ್ನ ಕಳಿಸ್ತೀನಿ ಅಂದೆ. ಅಕ್ಕ ಒಪ್ಪಿದ್ರು. ರಜ ತಗೊಳ್ಳಿ ಅಂದ್ರೆ ಅದಕ್ಕೆ ಒಪ್ಪಲಿಲ್ಲ.” ಬೇರೊಬ್ಬ ಕಾರ್ಯಕರ್ತರು ಎರಡು ಸಲ ಹೋದರು. ಎರಡನೇ ಸಲ ಬಾಗಿಲಿನ ಕೆಳಗಿನ ಸಂದಿಯಿಂದ ಒಂದು ಹಾಳೆ ಹೊರಗೆ ಬಂತು. ನಕ್ಷೆ ಬರೆಯುವವರ ನೀಟಾದ ಅಕ್ಷರದಲ್ಲಿ ಒಂದೇ ಸಾಲು: ‘ಸುಮ್ಮನೆ ಕೂತಿದ್ದರಲ್ಲ, ಅವರು ಎಲ್ಲಿ?’

ಡಾಕ್ಟರು ಎರಡು ದಿನ ಯೋಚಿಸಿದರು. ಕೊನೆಗೆ, ಬಾಗಿಲು ತೆರೆಯುವವರೆಗೆ ಮಾತ್ರ ಎಂಬ ಕರಾರಿನ ಮೇಲೆ ಅಕ್ಕನನ್ನು ಮತ್ತೆ ಕಳಿಸಿದರು.

ಅಕ್ಕನ ನಾಲ್ಕನೇ ಭೇಟಿಯ ದಿನ ಅವರ ತಮ್ಮ, ಹುಡುಗಿಯ ಅಪ್ಪ, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದರು. ಅವರು ಡ್ರೈವಿಂಗ್ ಸ್ಕೂಲೊಂದರಲ್ಲಿ ಕಾರು ಕಲಿಸುತ್ತಾರೆ. ಮಗಳ ಕೋಣೆಯ ಮುಂದೆ ನೆಲದ ಮೇಲೆ ಕೂತ ಹೆಂಗಸು ಮುಖ ಎತ್ತಿದ್ದೇ ತಡ, ಅವರ ಕೈಯಲ್ಲಿದ್ದ ಕೀಲಿಗೊಂಚಲು ಕೆಳಗೆ ಬಿತ್ತು. ಹೆಂಡತಿಗೆ ನೀರು ತರಲು ಹೇಳಿ ಒಳಗೆ ಕಳಿಸಿದರು. ಆಮೇಲೆ ಪಿಸುಗುಟ್ಟಿದರು.

“ಹೇಳಬೇಡ. ಕೈಮುಗಿತೀನಿ, ಇವಳಿಗೆ ಹೇಳಬೇಡ.”

“ನಾನು ಹೇಳೋಕೆ ಬಂದಿಲ್ಲ. ಕೆಲಸಕ್ಕೆ ಬಂದಿದ್ದೀನಿ.”

“ಯಾರು ಕಳಿಸಿದ್ರು?”

“ನಿನ್ನ ಮಗಳು.”

ಇಪ್ಪತ್ನಾಲ್ಕು ವರ್ಷಗಳ ಮೇಲೆ ಅಕ್ಕತಮ್ಮ ಆಡಿದ ಮಾತು ಇಷ್ಟೇ. ತಮ್ಮ ಊಟ ಮಾಡದೆ ಹೊರಟುಹೋದರು. ಕಾರು ಎರಡು ಸಲ ನಿಂತು ನಿಂತು ಹೊರಟಿತಂತೆ, ಹೊಸದಾಗಿ ಕಲಿಯುವವರು ಓಡಿಸಿದ ಹಾಗೆ.

ಐದನೇ ಭೇಟಿಯಲ್ಲಿ ಬಾಗಿಲು ಒಂದು ಗೇಣಿನಷ್ಟು ತೆರೆಯಿತು. ಒಳಗೆ ಕಿಟಕಿಗೆ ಹಾಳೆ ಅಂಟಿಸಿ ಕತ್ತಲು ಮಾಡಲಾಗಿತ್ತು. ಹುಡುಗಿ ಕದದ ಹಿಂದೆ ಕೂತೇ ಕೇಳಿದಳು. “ನಿಮಗೆ ನಿಜವಾಗ್ಲೂ ಕೇಳ್ಸುತ್ತಾ?”

“ಹ್ಞೂಂ.”

“ಮತ್ತೆ ನೀವು ಹೇಗೆ ಸತ್ತಿಲ್ಲ?”

ಅಕ್ಕನಿಗೆ ಅರ್ಥವಾಗಲಿಲ್ಲ. ಸಾಯೋದು ಯಾಕೆ ಎಂದು ಕೇಳಿದರು. ಆಗ ಹುಡುಗಿ ಎಲ್ಲ ಹೇಳಿದಳು. ಡಾಕ್ಟರ ಬಳಿ ಹೋಗಿ ಬಂದ ದಿನ ಅವಳಪ್ಪ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರಂತೆ: ಅಕ್ಕನಿಗೆ ಶುರುವಾಗಿದ್ದೂ ಹೀಗೇ, ಅದೇ ಕಾಯಿಲೆ. ಹುಡುಗಿ ಅದನ್ನು ಕೇಳಿಸಿಕೊಂಡಿದ್ದಳು. ಆ ಅತ್ತೆ ಚಿಕ್ಕ ವಯಸ್ಸಿಗೇ ಸತ್ತರೆಂದು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದಿದ್ದಳು. ಎರಡನ್ನೂ ಕೂಡಿಸಿದಳು. ಜ್ವರ ಸುಳ್ಳು, ಈ ಕಾಯಿಲೆ ಬಂದವರು ಸಾಯುತ್ತಾರೆ, ಅದನ್ನು ಮನೆಯವರು ಮುಚ್ಚಿಡುತ್ತಾರೆ. ಮಾತ್ರೆ ನುಂಗಿ ಏನು ಪ್ರಯೋಜನ? ಇಷ್ಟು ದಿನವೂ ಆ ಕತ್ತಲೆಯಲ್ಲಿ ಹತ್ತೊಂಬತ್ತರ ಹುಡುಗಿ ಸಾವಿಗೆ ಕಾಯುತ್ತ ಕೂತಿದ್ದಳು.

“ಆಗ ಗೊತ್ತಾಯ್ತು, ಈಗ ನನ್ನ ಕಥೆ ಹೇಳಬೇಕು. ಇದು ನನ್ನ ಭಾರ ಇಳಿಸೋಕಲ್ಲ,” ಎಂದರು ಅಕ್ಕ.

ಒಂದು ನಿಮಿಷ ಇರು ಎಂದು ಎದ್ದು ಹಾಲಿಗೆ ಬಂದರು. ಗೋಡೆಯಿಂದ ಫೋಟೊ ಬಿಚ್ಚಿದರು. ತರಕಾರಿ ಹೆಚ್ಚುತ್ತಿದ್ದ ತಾಯಿ ಚಾಕು ಹಿಡಿದೇ ಹಿಂದೆ ಬಂದರು, ಏನು ಮಾಡ್ತಿದ್ದೀರಿ ಎಂದು. ಅಕ್ಕ ಹುಡುಗಿಯ ಎದುರು ಕೂತು ಫೋಟೊವನ್ನು ತಮ್ಮ ಕೆನ್ನೆಯ ಪಕ್ಕಕ್ಕೆ ಹಿಡಿದು, ಎಡಹುಬ್ಬಿನ ಮೇಲಿನ ಕೂದಲು ಸರಿಸಿದರು.

“ನಿಮ್ಮತ್ತೆ ಸತ್ತಿಲ್ಲ. ವಯಸ್ಸಾಗಿದೆ, ಅಷ್ಟೆ.”

ಹುಡುಗಿ ಫೋಟೊ ನೋಡಿದಳು, ಮುಖ ನೋಡಿದಳು, ಮತ್ತೆ ಫೋಟೊ ನೋಡಿದಳು. ಬೆರಳು ಚಾಚಿ ಹುಬ್ಬಿನ ಗಾಯ ಮುಟ್ಟಿದಳು. ತಾಯಿಯ ಕೈಯಿಂದ ಚಾಕು ಜಾರಿತು. ಆಕೆ ಅಲ್ಲೇ ನಿಂತು ಅತ್ತರು.

“ಹಾಗಾದ್ರೆ ನಾನು ಸಾಯಲ್ವಾ?”

“ಸಾಯ್ತೀಯ. ಮುದುಕಿ ಆಗಿ, ಹಲ್ಲೆಲ್ಲ ಉದುರಿದ ಮೇಲೆ. ಅದಕ್ಕೆ ನಾನೇನೂ ಮಾಡೋಕಾಗಲ್ಲ.”

“ಈಗಲೂ ಕೇಳ್ಸುತ್ತಾ ನಿಮಗೆ? ಈಗ, ಈ ಹೊತ್ತು?”

“ಕೇಳ್ಸುತ್ತೆ. ಸ್ವಲ್ಪ ಹೊತ್ತು ಹೋಲ್ಡ್ ಮಾಡಿ ಅಂತ ಹೇಳಿದ್ದೀನಿ.”

ಹುಡುಗಿ ನಗಲಿಲ್ಲ. ಕಿಟಕಿಯ ಹಾಳೆ ಕೀಳಬಹುದಾ ಎಂದು ಕೇಳಿದಳು. ಮೂವರೂ ಸೇರಿ ಕಿತ್ತರು. ಗಾಜಿಗೆ ಅಂಟಿದ್ದ ಗೋಂದನ್ನು ತಾಯಿ ಉಗುರಿನಿಂದ ಕೆರೆಯುತ್ತ, ಯಾರ ಮುಖವನ್ನೂ ನೋಡದೆ, “ಇಪ್ಪತ್ತೊಂದು ವರ್ಷ ನಾನು ಯಾರಿಗೆ ಪಾಪ ಪಾಪ ಅಂತಿದ್ದೆ?” ಎಂದರಂತೆ.

ಅಂದು ಸಂಜೆ ಅಕ್ಕನ ತಮ್ಮ ಕೇಂದ್ರಕ್ಕೆ ಬಂದರು. ಕೇಂದ್ರದ ಒಂಬತ್ತು ಕುರ್ಚಿಗಳಲ್ಲಿ ಒಂದರಲ್ಲಿ ಕೂತರು. ಈಚೆಗೆ ನಾನು ಅವರನ್ನೂ ಭೇಟಿ ಮಾಡಿದೆ. ತಲೆ ತಗ್ಗಿಸಿಯೇ ಮಾತಾಡಿದರು. “ಮದುವೆ ಮಾತುಕತೆ ನಡೀತಿತ್ತು. ಮನೇಲಿ ಯಾರ್ಯಾರಿದ್ದೀರಿ ಅಂತ ಅವರು ಕೇಳಿದ್ರು. ಅಕ್ಕ ಇದ್ದಳು, ತೀರಿಕೊಂಡಳು ಅಂದೆ. ಬಾಯಿಂದ ಬಂದುಬಿಡ್ತು. ಬೆಳಗ್ಗೆ ಎದ್ದು ಸರಿ ಮಾಡೋಣ ಅಂದ್ಕೊಂಡೆ. ಆ ಬೆಳಗ್ಗೆ ಬರಲೇ ಇಲ್ಲ.” ಪತ್ರಗಳನ್ನು ಹಿಂದಿರುಗಿಸಿದ್ದು ಅದಕ್ಕೇ. ಸತ್ತವರ ಹೆಸರಿನಲ್ಲಿ ಮನೆಗೆ ಕಾಗದ ಬರುವ ಹಾಗಿರಲಿಲ್ಲ.

ಅವರ ಹೆಂಡತಿ ಎರಡು ತಿಂಗಳು ಅವರೊಡನೆ ಮಾತು ಬಿಟ್ಟಿದ್ದರು. ಈಗ ಆಡುತ್ತಾರೆ, ಅಳೆದು. ಹುಡುಗಿಯ ಕೇಸು ಬೇರೆ ಕಾರ್ಯಕರ್ತರ ಡೈರಿಗೆ ಹೋಗಿದೆ. ಮಾತ್ರೆ ನುಂಗುತ್ತಾಳೆ, ಎರಡು ಸಲ ಬಿಟ್ಟು ಮತ್ತೆ ಹಿಡಿದಿದ್ದಾಳೆ, ಕೋರ್ಸಿಗೆ ಅರ್ಧ ದಿನ ಹೋಗುತ್ತಾಳೆ. ದನಿಗಳು ಪೂರ್ತಿ ಹೋಗಿಲ್ಲ. ಈ ಬರಹವನ್ನು ಅಚ್ಚಿಗೆ ಕಳಿಸುವ ಮೊದಲು ಅವಳಿಗೂ ಅವಳ ಅಪ್ಪ ಅಮ್ಮನಿಗೂ ಓದಲು ಕೊಟ್ಟೆ. ಅಪ್ಪ ಓದಿ ಹಿಂದೆ ಕೊಟ್ಟರು. ‘ಇರಲಿ ಬಿಡಿ, ಹಾಕಿ,’ ಎಂದರು ಅಮ್ಮ. ಹುಡುಗಿ ಮಾತ್ರ ಪೆನ್ಸಿಲು ಹಿಡಿದು ಓದಿದಳು. ‘ಹುಡುಗಿ ಅತ್ತಳು’ ಎಂದು ನಾನು ಬರೆದಿದ್ದ ಕಡೆ ಅಡ್ಡಗೆರೆ ಎಳೆದು, ‘ನಾನು ಅಳಲಿಲ್ಲ, ಅಮ್ಮ ಅತ್ತದ್ದು’ ಎಂದು ತಿದ್ದಿದ್ದಾಳೆ.

ತಮ್ಮನನ್ನು ಕ್ಷಮಿಸಿದ್ದೀರಾ ಎಂದು ಅಕ್ಕನನ್ನು ಕೇಳಿದೆ.

“ಅದು ನನ್ನ ಡ್ಯೂಟಿ ಪಟ್ಟೀಲಿ ಇಲ್ಲ,” ಎಂದರು. ಆಮೇಲೆ ತಾವಾಗಿಯೇ, “ಭಾನುವಾರ ಫೋನ್ ಮಾಡ್ತಾನೆ. ಎತ್ತುತೀನಿ. ಮನೆಗೆ ಬಂದಿರು ಅಂತಾನೆ. ನಂಗೆ ನನ್ನ ರೂಮೇ ಸಾಕು. ಅದಕ್ಕೆ ಚಿಲಕ ಒಳಗಡೆ ಇದೆ,” ಎಂದರು.

ಕೊನೆಯ ದಿನ, ಹೊರಡುವಾಗ, ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ಹೊಸ ಕುರ್ಚಿ, ಕೋಣೆಗೆ ಸುಣ್ಣಬಣ್ಣ, ಕೆಲಸ ಕಾಯಂ ಆಗುವುದು, ಇಂಥದೇನೋ ಹೇಳುತ್ತಾರೆಂದುಕೊಂಡಿದ್ದೆ. ಅಕ್ಕ ಡೈರಿಯ ಹಿಂಬದಿಯ ಪುಟ ತೆರೆದು ನನ್ನೆದುರು ಇಟ್ಟರು. ಹದಿನಾಲ್ಕು ಹೆಂಗಸರ ಹೆಸರು, ಹೆಸರಿನ ಮುಂದೆ ಹಳೆಯ ವಿಳಾಸ. ಕೆಲವು ವಿಳಾಸದಲ್ಲಿ ಬರೀ ಬೀದಿಯ ಹೆಸರಿದೆ, ಒಂದರಲ್ಲಿ ‘ನೀರಿನ ಟ್ಯಾಂಕಿನ ಹಿಂದೆ’ ಎಂದಷ್ಟೇ ಇದೆ. ಅಕ್ಕನ ಜೊತೆ ಅದೇ ವಾರ್ಡಿನಲ್ಲಿದ್ದವರು. ಎಲ್ಲರ ಫೈಲಿನಲ್ಲೂ ಮನೆಗೆ ಕಳಿಸಬಹುದು ಎಂದು ಬರೆದಿದೆ. ಎಲ್ಲರೂ ಇನ್ನೂ ಅಲ್ಲೇ ಇದ್ದಾರೆ.

“ಒಂದು ತಿಂಗಳು ರಜೆ ಕೇಳಿದ್ದೀನಿ. ಇಷ್ಟು ಮನೆಗೂ ಹೋಗಿ ಬಾಗಿಲು ತಟ್ಟಬೇಕು. ಜಗಳಕ್ಕಲ್ಲ. ಸುಮ್ಮನೆ ಕೂತು, ಒಂದು ಲೋಟ ನೀರು ಕುಡಿದು, ನಿಮ್ಮನೇಲಿ ಇಂಥವರೊಬ್ಬರು ಇದ್ರಲ್ಲ, ಅವರೇನಾದ್ರು ಅಂತ ಕೇಳಬೇಕು.” ಡೈರಿ ಮುಚ್ಚಿ ಚೀಲಕ್ಕೆ ಹಾಕಿಕೊಂಡರು. “ನಮ್ಮಲ್ಲಿ ಎಷ್ಟು ಜನ ಸತ್ತಿದ್ದೀವಿ ಅಂತ ನಮಗಾದ್ರೂ ಗೊತ್ತಿರಬೇಕಲ್ಲ ಮೇಡಂ.”